ಇಲ್ಲದ ಸೇತುವೆಯಿಂದ ಮುಕ್ತಾಳ ಅಂಗಡಿಯವರೆಗೆ

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ನಸ್ಯದ್ದೂ ಅಲ್ಲ. ಮನೆಗೆ ಬಂದ ನೆಂಟರನ್ನು ಊಟವಾದ ಮೇಲೆ ಮಲಗಲು ಬಿಡದೆ ಊರು ತೋರಿಸಲು ಎಳೆದುಕೊಂಡು ಹೋಗುವ ಚಟ. "ನೆಂಟ್ರ್ ಬಪ್ದ್ ಕಮ್ಮಿ ಆದ್ದ್ ರೇಷನ್ ಅಕ್ಕಿಗ್ ಅಲ್ಲ, ನಿಮ್ ತಿರ್ಗಾಟಕ್ಕ್ ಹೆದ್ರಿ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಕ್ಕಿಯದೇ.

ಬೇರೆ ಮನೆಯವರು ನೆಂಟರಿಗೆ ದೇವಸ್ಥಾನ ತೋರಿಸುತ್ತಾರೆ. ಹಟ್ಟಿಯಂಗಡಿಗೋ ಶಂಕರನಾರಾಯಣಕ್ಕೋ ಹೋಗಿ ಕೈಮುಗಿದು ಬಂದರೆ ಅವರಿಗೂ ತೃಪ್ತಿ, ನೆಂಟರಿಗೂ ಪುಣ್ಯ. ನಾನು ಆ ಗೋಜಿಗೆ ಹೋಗುವವನಲ್ಲ. ದೇವರನ್ನು ನೋಡಲು ಸಾಕಷ್ಟು ಜನ ಇದ್ದಾರೆ. ಮನುಷ್ಯ ಕಟ್ಟಿದ್ದು ಮಾತ್ರ ಈ ಕುಂದಾಪುರದ ಉಪ್ಪುಗಾಳಿಗೆ ಮೈಯೊಡ್ಡಿ, ದಿನದಿನಕ್ಕೆ ಉದುರುತ್ತ, ಯಾರೂ ತಿರುಗಿ ನೋಡದೆ ನಿಂತಿರುತ್ತದೆ. ಅದನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ನನ್ನ ತಿರುಗಾಟದ ಮೊದಲ ನಿಲ್ದಾಣ ಸೇತುವೆ. ನಮ್ಮೂರಲ್ಲಿ ಸೇತುವೆ ಎಲ್ಲಿದೆ ಎಂದು ನೀವು ಕೇಳಬಹುದು. ಇಲ್ಲ. ಅದನ್ನೇ ತೋರಿಸುವುದು. ಬ್ರಹ್ಮಾವರದ ಕಡೆಯಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬಂದವರು ಬೈಂದೂರಿಗೋ ಶಿರೂರಿಗೋ ಹೋಗಬೇಕಾದರೆ ಇಲ್ಲಿ ಇಳಿದು, ಗಂಟು ತಲೆಯ ಮೇಲಿಟ್ಟುಕೊಂಡು, ಕಡವಿನ ದೋಣಿ ಹತ್ತಬೇಕು. ಯಾವಾಗಲೋ ಒಮ್ಮೆ ಅಳತೆಯವರು ಸರಪಳಿ, ಕೆಂಪು ಬಾವುಟ ಹಿಡಿದು ಬಂದಿದ್ದರಂತೆ. ಸೇತುವೆ ಕಟ್ಟುವಾಗ ಹೊಳೆ ಬಲಿ ಕೇಳುತ್ತದೆ ಎಂಬ ಮಾತು ಎದ್ದು, ತಾಯಂದಿರು ಮಕ್ಕಳನ್ನು ಒಳಗೆ ಹಾಕಿ ಚಿಲಕ ಜಡಿದರಂತೆ. ಅಳತೆಯವರು ಅಳೆದುಕೊಂಡು ಹೋದರು. ಸೇತುವೆ ಬರಲಿಲ್ಲ. ಬಲಿಯನ್ನು ಹೊಳೆ ಸೇತುವೆಯಿಲ್ಲದೆಯೂ ಪ್ರತಿ ಮಳೆಗಾಲ ತೆಗೆದುಕೊಳ್ಳುತ್ತಲೇ ಇದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಅಕ್ಕನ ಗಂಡ ಮುಂಬಯಿಯಿಂದ ಬಂದಿದ್ದರು. ಅಲ್ಲಿ ಬಂದರಿನ ಕಾಮಗಾರಿಯಲ್ಲಿ ಓವರ್ಸಿಯರ್. ಅಂಥವರು ಸಿಕ್ಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಟ್ಟಡ ಎಂದರೆ ಆಕಳಿಸದ ನೆಂಟ! ಅವರ ಕೈಯಲ್ಲೊಂದು ಬೆತ್ತ. ಅದು ನಡೆಯುವುದಕ್ಕಲ್ಲ, ಕುಟ್ಟುವುದಕ್ಕೆ. ಗೋಡೆ ಕಂಡರೆ ಕುಟ್ಟುತ್ತಾರೆ, ಮೆಟ್ಟಿಲು ಕಂಡರೆ ಕುಟ್ಟುತ್ತಾರೆ, ಕುಟ್ಟಿ ಕಿವಿಗೊಟ್ಟು ಕೇಳಿ "ಟೊಳ್ಳ್" ಎನ್ನುತ್ತಾರೆ. ಬಂದ ದಿನವೇ ನಮ್ಮ ಮನೆಯ ಜಗಲಿಯನ್ನೂ ಹಾಗೆ ತೀರ್ಮಾನಿಸಿದ್ದರು. ಅಕ್ಕ ಒಳಗಿನಿಂದಲೇ, "ನನ್ ತಲಿ ಒಂದ್ ಬಾಕಿ ಇತ್ತ್, ಅದನ್ನೂ ಕುಟ್ಟಿ ಕಾಣಿ" ಎಂದಳು.

ದಕ್ಕೆಗೆ ಹೋದೆವು. ದಕ್ಕೆಯೆಂದರೆ ಹಡಗಿನ ಸರಕು ಇಳಿಸುವ ಕಲ್ಲಿನ ಕಟ್ಟೆ. ಮುರಕಲ್ಲನ್ನು ಚಿಪ್ಪಿನ ಸುಣ್ಣದಲ್ಲಿ ಕೂರಿಸಿದ್ದು. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿದ್ದರೆಂದು ಹಿರಿಯರು ಹೇಳುತ್ತಾರೆ. ಯುದ್ಧದ ಕಾಲದಲ್ಲಿ ಕಾಫಿಗೇ ಬೆಲ್ಲ ಸಿಗದೆ ಇದ್ದಾಗ, ಆ ಗೋಡೆಯನ್ನು ನೆಕ್ಕಿ ನೋಡುವ ಆಸೆ ನನಗೆ ಒಂದೆರಡು ಸಲ ಬಂದದ್ದುಂಟು. ಉಬ್ಬರದಲ್ಲಿ ಅದರ ಮೆಟ್ಟಿಲುಗಳು ಮುಳುಗುತ್ತವೆ, ಇಳಿತದಲ್ಲಿ ಪಾಚಿ ಹೊತ್ತು ಮೇಲೆ ಬರುತ್ತವೆ. ಅಲ್ಲಿ ಜಾರಿ ಬೀಳದ ದೊಡ್ಡ ಮನುಷ್ಯರು ಈ ಊರಿನಲ್ಲಿಲ್ಲ. ಭಾವ ಕುಟ್ಟಿದರು. ಆಶ್ಚರ್ಯವೆಂದರೆ "ಬರೋಬರ್" ಎಂದರು.

ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಅಳಿವೆ, ಅಂದರೆ ಹೊಳೆಯು ಕಡಲಿಗೆ ಬಾಯಿ ತೆರೆಯುವ ಜಾಗ. ಅದರ ತೆಂಕು ಬದಿಗೆ ಕೋಡಿಯ ಮರಳು, ದೂರದಲ್ಲಿ ದೀಪದ ಕಂಬ. ಯುದ್ಧದಲ್ಲಿ ಆ ದೀಪವನ್ನು ಆರಿಸಿದ್ದರು. ಶತ್ರುವಿಗೆ ದಾರಿ ಕಾಣಬಾರದು ಎಂದು. ಶತ್ರು ಈ ಕಡೆ ಬರಲೇ ಇಲ್ಲ. ಬರಬೇಕಾದವರು ನಮ್ಮವರೇ ಇದ್ದರು.

ಇಲ್ಲಿ ನಾನು ಭಾವನಿಗೆ ಹೇಳದ ಒಂದು ಮಾತನ್ನು ನಿಮಗೆ ಹೇಳಬೇಕು. ಮಳೆಗಾಲ ಹತ್ತಿರವಾದಾಗ, ಹಂಚು ಹೇರಿಕೊಂಡು ಹೋದ ಮಚ್ವೆಗಳು, ನಮ್ಮ ಹಾಯಿಹಡಗುಗಳು, ಮನೆಗೆ ಮರಳುತ್ತವೆ. ತಡವಾದ ಮಚ್ವೆಯ ಮನೆಯವರು ಮುಸ್ಸಂಜೆಗೆ ತೆಂಗಿನ ಒಣಗರಿಯ ಸೂಡಿ ಕಟ್ಟಿಕೊಂಡು ಹೋಗಿ ಕೋಡಿಯ ಮರಳಿನ ತುದಿಯಲ್ಲಿ ಉರಿಸುವುದು ರೂಢಿ. ದೀಪದ ಕಂಬ ಸರಕಾರದ್ದು, ಸೂಡಿ ಮನೆಯದು. ಆ ಬೆಂಕಿಯನ್ನು ಬಲಗೈಗೆ ಬಿಟ್ಟುಕೊಂಡು ಬಂದರೆ ಆಳದ ನೀರು, ಎಡವಿದರೆ ಮರಳ ದಿಬ್ಬ. ಹಾಗಾಗಿ ಸೂಡಿಯನ್ನು ಕೋಡಿಯ ತುದಿ ಬಿಟ್ಟು ಬೇರೆಲ್ಲೂ ಉರಿಸುವುದಿಲ್ಲ.

ಯುದ್ಧದ ಕಾಲದಲ್ಲಿ ಕಡಲ ಕರೆಯಲ್ಲಿ ಬೆಂಕಿ ಹಚ್ಚಬಾರದೆಂದು ಕಾವಲು ಬಂತು. ಗಂಗೊಳ್ಳಿಯ ಮುಕ್ತಾಳ ಗಂಡ ತಾಂಡೇಲ, ಮಚ್ವೆ ನಡೆಸುವ ಮುಖ್ಯಸ್ಥ. ಆ ವರ್ಷ ಅವನ ಮಚ್ವೆ ತಡವಾಯಿತು. ಮೋಡ ಕಟ್ಟಿತು. ಮುಕ್ತಾ ಸೂಡಿ ಹಿಡಿದು ಕೋಡಿಗೆ ಹೋದಳು, ಕಾವಲಿನವರು ಓಡಿಸಿದರು. ಮರುದಿನವೂ ಓಡಿಸಿದರು. ಆಮೇಲಿನ ಸಂಜೆ ಅವಳು ದಕ್ಕೆಯ ಬಾಲಕ್ಕೆ, ಅಂದರೆ ಅದರ ಕೊನೆಯ ತುದಿಗೆ ಬಂದು, ಸುಂಕದ ಕೊಟ್ಟಿಗೆಯ ಗೋಡೆಯ ಮರೆಯಲ್ಲಿ, ನೆಲದ ಮೇಲಿದ್ದವರಿಗೆ ಕಾಣದ ಹಾಗೆ ಸೂಡಿ ಉರಿಸಿದಳು. ಮನೆಯಲ್ಲಿ ಎಚ್ಚರವಿದ್ದಾರೆ ಎಂದು ಅವನಿಗೆ ಗೊತ್ತಾದರೆ ಸಾಕು ಎಂದುಕೊಂಡಿರಬೇಕು. ನೀರಿನ ಮೇಲಿದ್ದವರಿಗೆ ಆ ಬೆಂಕಿ ಕಂಡಿತು. ಸೂಡಿಯೆಂದರೆ ಕೋಡಿಯ ತುದಿಯೇ ಎಂದು ನಂಬಿ ಮಚ್ವೆ ತಿರುಗಿಸಿದರು. ದಿಬ್ಬಕ್ಕೆ ಬಡಿದು ಮಚ್ವೆ ಒಡೆಯಿತು. ಖಲಾಸಿಗಳು ಈಜಿ ದಡ ಸೇರಿದರು. ತಾಂಡೇಲ ಚುಕ್ಕಾಣಿ ಬಿಟ್ಟು ಬರಲಿಲ್ಲ.

ಈಜಿ ಬಂದವರು ನಡುಗುತ್ತ ಹಿರಿಯರಿಗೆ ಮೊದಲು ಹೇಳಿದ್ದು ಬೆಂಕಿಯ ಮಾತು. ಕೊಟ್ಟಿಗೆಯ ಗೋಡೆಯ ಮರೆಯಲ್ಲಿ ಸೂಡಿಯ ಬೂದಿ ಸಿಕ್ಕಿತು, ಅದು ಯಾರದೆಂದು ಯಾರೂ ಕೇಳಬೇಕಾಗಲಿಲ್ಲ. ಆದರೆ ಬೆಳಗಾಗುವಾಗ ಊರಿಗೆ ಊರೇ ಹೇಳುತ್ತಿದ್ದದ್ದು ಒಂದೇ: "ಗಾಳಿ ತಿರ್ಗಿತ್." ಯಾರೂ ಸಭೆ ಕರೆದಿರಲಿಲ್ಲ. ಒಂದು ತೆಂಗಿನಮರ ಯಾರ ಗಡಿಯಲ್ಲಿದೆ ಎಂದು ಮೂರು ತಲೆಮಾರು ಕೋರ್ಟಿಗೆ ಅಲೆಯುವ ನಾವು ಇದೊಂದರಲ್ಲಿ ಒಂದಾದೆವು. ಕಡವಿನವರು, ಕ್ಷೌರಿಕರು, ವಕೀಲರು, ಸ್ವತಃ ಖಲಾಸಿಗಳು, ಮೇಷ್ಟರಾದ ನಾನು, ನನ್ನ ಶಾಲೆಯ ಮಕ್ಕಳು, ಎಲ್ಲರೂ ಗಾಳಿ ಎಂದೆವು. ಮುಕ್ತಾಳ ಕಿವಿಗೆ ಬೇರೆ ಮಾತು ಬೀಳಬಾರದು, ಅಷ್ಟೇ. ಸುಣ್ಣ ಬೆಲ್ಲ ಬೇಕಾಗದೆ, ಊರಿನವರೆಲ್ಲ ಕೈಹಾಕಿ ಕಟ್ಟಿದ ಕಟ್ಟಡ ನಮ್ಮಲ್ಲಿ ಇದೊಂದೇ. ಅದನ್ನು ಮಾತ್ರ ನಾನು ನೆಂಟರಿಗೆ ತೋರಿಸುವುದಿಲ್ಲ.

ಮುಕ್ತಾ ಆಮೇಲೆ ದಕ್ಕೆಯ ಬಾಲದಲ್ಲೇ ತೆಂಗಿನ ಮಡಲು ಹೊದಿಸಿದ ಒಂದು ಅಂಗಡಿ ಹಾಕಿದಳು. ಬೆಲ್ಲದ ನೀರು, ಅವಲಕ್ಕಿ, ಬೀಡಿ. ಗಿರಾಕಿಗಳು ಕಡಿಮೆ, ಪೇಟೆಯ ಕಡೆ ಹಾಕು ಎಂದರೆ ಕೇಳಲಿಲ್ಲ. ಬಾಯಿ ಜೋರು. ಬೀಡಿ ತಾನೇ ಮಾರಿ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರಾದರೂ ಕಡ್ಡಿ ಗೀರಿದರೆ, "ಹ್ವಾಯ್, ಗ್ವಾಡಿ ಆಚಿಗ್ ಹೋಯಿ ಸೇದಿ" ಎಂದು ಬೈದು ಓಡಿಸುತ್ತಿದ್ದಳು. ದುಃಖದಿಂದ ಸಿಡುಕು ಬಂದಿದೆ ಎಂದು ನಾವು ತಲೆಯಾಡಿಸಿದೆವು. ಮನುಷ್ಯರ ಮನಸ್ಸು ಓದುವುದರಲ್ಲಿ ನಾವೆಲ್ಲ ಗಟ್ಟಿಗರು ನೋಡಿ.

ಭಾವನನ್ನು ಆ ಕಡೆಗೆ ಕರೆದೊಯ್ಯುವ ಮನಸ್ಸು ನನಗಿರಲಿಲ್ಲ. ಆದರೆ ಅವರ ಬೆತ್ತ ದಕ್ಕೆಯ ಕಲ್ಲುಗಳನ್ನು ಒಂದೊಂದಾಗಿ ಕುಟ್ಟುತ್ತ ತಾನಾಗಿ ಬಾಲದವರೆಗೆ ಹೋಯಿತು. ಬಿಸಿಲು ಇಳಿದಿತ್ತು. ಅಂಗಡಿಯ ಮುಂದೆ ಇಬ್ಬರು ಹಮಾಲರು ಕೂತಿದ್ದರು. ಮುಕ್ತಾ ನಮಗೆ ಮಣೆ ಕೊಟ್ಟು ಬೆಲ್ಲ ಕರಗಿಸತೊಡಗಿದಳು. ಇಳಿತದ ಹೊತ್ತು, ದೂರದ ದಿಬ್ಬದ ಮೇಲೆ ಒಡೆದ ಮಚ್ವೆಯ ಕೂವೆಮರ, ಹಾಯಿ ಕಟ್ಟುವ ಕಂಬ, ಎದ್ದು ಕಾಣುತ್ತಿತ್ತು.

"ಅದೆಂತದ್ ಅಲ್ಲ್?" ಎಂದರು ಭಾವ.

"ಹಳೇ ಮಚ್ವೆ ಭಾವ. ಗಾಳಿ ತಿರ್ಗಿ ಹೋದ್ದ್" ಎಂದೆ. ಹಮಾಲರೂ "ಗಾಳಿ, ಗಾಳಿ" ಎಂದರು.

ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಎದ್ದು ಬೆತ್ತ ಚಾಚಿ ದಿಬ್ಬಕ್ಕೆ ಗುರಿ ಹಿಡಿದರು, ಕೋಡಿಯ ತುದಿಗೆ ಹಿಡಿದರು, ಮತ್ತೆ ದಿಬ್ಬಕ್ಕೆ ಹಿಡಿದರು. "ಛೆ, ಗಾಳಿ ಅಲ್ಲ ಮಾರಾಯ್ರೆ. ಮಳಿಗಾಲದ ಗಾಳಿ ತಂದ್ರೆ ಆಚಿ ದಡಕ್ಕ್ ಹಾಕ್ತಿತ್ತ್. ಇದ್ ತಿರ್ಗ್ಸಿ ತಂದದ್ದ್. ಅಂವ ಎಂತದೋ ಕಂಡಿದ. ಇಲ್ಲ್, ಈ ಬದಿಯಂಗೇ, ಒಂದ್ ಬೆಳ್ಕ್..."

ನಾನು ಅವರ ಕಾಲು ತುಳಿದೆ. ಮೆಲ್ಲಗೆ ತುಳಿಯಬೇಕೆಂದಿದ್ದೆ, ಹೆದರಿಕೆಗೆ ಬಲವಾಗಿಯೇ ಬಿತ್ತು. ಭಾವ ಬಾಯಿ ತೆರೆದವರು ನನ್ನ ಮುಖ ನೋಡಿದರು. ಹಮಾಲರ ಮುಖ ನೋಡಿದರು; ಅವರಲ್ಲೊಬ್ಬನ ಕೈಯ ಅವಲಕ್ಕಿ ಬಾಯಿಗೆ ಹೋಗದೆ ಅಲ್ಲೇ ನಿಂತಿತ್ತು. ಮುಕ್ತಾಳ ಬೆನ್ನು ನಮ್ಮ ಕಡೆಗಿತ್ತು. ಭಾವ ಕಟ್ಟಡ ಓದಿದವರು, ಆದರೂ ಮನುಷ್ಯರು. ಬೆತ್ತ ಇಳಿಸಿದರು.

"ಅಲ್ಲ, ನಾನ್ ಕಂಡದ್ದ್ ತಪ್ಪ್. ಗಾಳಿಯೇ ಸೈ. ಇಂಥಾ ಗಾಳಿ ಮುಂಬೈಯಂಗೂ ಕಂಡಿದೆ" ಎಂದರು. ಕುಟ್ಟಿ ನೋಡದೆ ಯಾವುದನ್ನೂ ಒಪ್ಪದ ಮನುಷ್ಯ ಅಂದು ಒಂದು ಟೊಳ್ಳನ್ನು ಗಟ್ಟಿ ಎಂದು ಹೇಳಿದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮಾತನ್ನು ಹೇಗಾದರೂ ಬೇರೆ ಕಡೆಗೆ ತಿರುಗಿಸಬೇಕಲ್ಲ, ಭಾವ ಅಂಗಡಿಯೊಳಗೆ ಇಣುಕಿ, "ಎಂತ ಹೆಂಗ್ಸೆ, ಕಪ್ಪಾಯ್ತ್, ದೀಪ ಹಚ್ಚುದಿಲ್ಯಾ? ಚಿಮಿಣೆಣ್ಣಿ ಈಗ ಸಿಕ್ಕತ್ತಲೆ?" ಎಂದು ಕೇಳಿದರು. ಯಾರನ್ನೂ ನೋಯಿಸದ ಮಾತು ಅದು ಎಂದು ಅವರು ಆರಿಸಿಕೊಂಡಿದ್ದರು.

ಮುಕ್ತಾ ಬೆಲ್ಲದ ನೀರಿನ ಲೋಟ ತಂದು ಅವರ ಮುಂದಿಟ್ಟಳು.

"ಇಲ್ಲ್ ಬೆಳ್ಕ್ ಕಂಡ್ರೆ ಬಪ್ಪೋರಿಗ್ ದಿಕ್ಕ್ ತಪ್ಪತ್ತ್ ಒಡೆಯಾ" ಎಂದಳು. "ಕುಡಿನಿ. ಕತ್ತಲಿ ಆಪುಕ್ ಮುಂಚೆ ಮನಿ ಸೇರ್ಕಣಿ."

ನಾವು ಕುಡಿದೆವು. ವಾಪಸು ಬರುವಾಗ ಭಾವ ಒಂದು ಕಲ್ಲನ್ನೂ ಕುಟ್ಟಲಿಲ್ಲ. ಬೆತ್ತವನ್ನು ಕಂಕುಳಲ್ಲಿಟ್ಟುಕೊಂಡು ನಡೆದರು.

ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ. ದೋಣಿಯವರ ಮನೆಯಲ್ಲಿ ಹುಟ್ಟಿ, ದೋಣಿಯವನ ಕೈಹಿಡಿದು, ಆ ಸೂಡಿಯನ್ನು ತನ್ನ ಕೈಯಾರೆ ಹಚ್ಚಿದವಳಿಂದ ನಾವು ಅದನ್ನು ಮುಚ್ಚಿಟ್ಟಿದ್ದೇವೆ ಎಂದು ನಂಬಿದ್ದೆವಲ್ಲ! ಅವಳು ಆ ಜಾಗದಲ್ಲಿ ಕೂತದ್ದು ವ್ಯಾಪಾರಕ್ಕಲ್ಲ, ಇನ್ನೊಂದು ಬೆಂಕಿ ಅಲ್ಲಿ ಏಳದಿರಲಿ ಎಂದು. ಒಂದು ಬೀಡಿಯ ಕಿಡಿಯನ್ನೂ ಬಿಡದೆ ಕಾಯುತ್ತಿದ್ದಳು. ಅದಕ್ಕೆ ನಾವು ಸಿಡುಕು ಎಂದು ಹೆಸರಿಟ್ಟಿದ್ದೆವು.

ಆಮೇಲೊಂದು ದಿನ ನಾನು ಅಂಗಡಿಯಲ್ಲಿದ್ದಾಗ ಯಾರೋ ಪರವೂರ ವ್ಯಾಪಾರಿ ಕೂವೆಮರದ ಕಡೆ ಕೈ ತೋರಿಸಿ ಕೇಳಿದ. ಮುಕ್ತಾ ಒಮ್ಮೆ ನನ್ನ ಮುಖ ನೋಡಿ, "ಗಾಳಿ ತಿರ್ಗಿತ್" ಎಂದಳು. ನಾವು ಅವಳಿಗಾಗಿ ಹೊತ್ತಿದ್ದ ಸುಳ್ಳನ್ನು ಅವಳು ನಮಗಾಗಿ ಹೊತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು.

ನೀವೂ ಒಮ್ಮೆ ಬನ್ನಿ. ಇಲ್ಲದ ಸೇತುವೆ ತೋರಿಸುತ್ತೇನೆ, ದಕ್ಕೆ ತೋರಿಸುತ್ತೇನೆ, ಈಗ ಮತ್ತೆ ಉರಿಯುತ್ತಿರುವ ದೀಪದ ಕಂಬ ತೋರಿಸುತ್ತೇನೆ. ಬೆಳಕಿರುವಾಗಲೇ ಬನ್ನಿ, ಮುಕ್ತಾ ದೀಪ ಹಚ್ಚುವುದಿಲ್ಲ. ದಿಬ್ಬದ ಮೇಲಿನ ಆ ಕೂವೆಮರ ಏನೆಂದು ಕೇಳಿದರೆ ಗಾಳಿಯ ಮಾತು ಹೇಳುತ್ತಾಳೆ. ಹೌದು ಎಂದು ಹೇಳಿ, ಬೆಲ್ಲದ ನೀರು ಕುಡಿಯಿರಿ.