ಒಂದು ಲೀಟರ್ ದೂರದ ಶಿಡ್ಲಘಟ್ಟ

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟೀ ಅಂಗಡಿಯ ಸ್ಟೋವ್ ಇನ್ನೂ ಹೊತ್ತಿಲ್ಲ. ಖಾಜಾ ಪೀರ್ ಆಗಲೇ ತಮ್ಮ ಡೀಸೆಲ್ ರಿಪೇರಿ ಅಂಗಡಿಯ ಶಟರ್ ಎತ್ತಿ, ಗೋಡೆ ಪಕ್ಕದ ಟೆಸ್ಟಿಂಗ್ ಕೈಪಂಪಿನ ಹಿಡಿ ಒತ್ತುತ್ತಿದ್ದಾರೆ. ಪಂಪಿನ ತುದಿಗೆ ಬಿಗಿದ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಬಾಯಿಂದ ಡೀಸೆಲ್ ತೊಟ್ಟು ತೊಟ್ಟಾಗಿ ಸೋರುತ್ತದೆ. ಅವರು ಮುಖ ಸಿಂಡರಿಸುತ್ತಾರೆ.

"ನೋಡಿ ಕೋನಪ್ಪಣ್ಣ, ನಿಮ್ಮ ಗಾಡಿ ಡೀಸೆಲ್ ಕುಡೀತಿಲ್ಲ, ಚೆಲ್ತಾ ಐತೆ."

ಪೆರೇಸಂದ್ರದ ಕೋನಪ್ಪ ಬಾಡಿಗೆಗೆ ಇಂಡಿಕಾ ಓಡಿಸುವವರು. ಹೊಸತರಲ್ಲಿ ಲೀಟರಿಗೆ ಹದಿನೇಳು ಕಿಲೋಮೀಟರ್ ಓಡುತ್ತಿದ್ದ ಕಾರು ಈಗ ಹನ್ನೊಂದಕ್ಕೆ ಇಳಿದಿದೆ, ಹಿಂದೆ ಕರಿಹೊಗೆ ಬೇರೆ. ಖಾಜಾ ಪೀರ್ ಇಂಜೆಕ್ಟರ್ ಬಿಚ್ಚಿ, ಒಳಗಿನ ಸೂಜಿಯನ್ನು ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಾರೆ. ಮತ್ತೆ ಪಂಪಿಗೆ ಬಿಗಿದು ಒತ್ತಿದರೆ ಈ ಸಲ ಡೀಸೆಲ್ ತೊಟ್ಟಿಕ್ಕುವುದಿಲ್ಲ. ಮಂಜಿನಂತೆ ಸಣ್ಣಗೆ ಹರಡಿಕೊಳ್ಳುತ್ತದೆ. "ಅಂಗಳಕ್ಕೆ ನೀರು ಚಿಮುಕಿಸಬೇಕು, ಕೊಡ ಬಗ್ಗಿಸಬಾರದು. ಇಷ್ಟೇ ನಮ್ಮ ವಿದ್ಯೆ" ಎಂದು ನಗುತ್ತಾರೆ.

ಈ ಊರಿನ ಎಷ್ಟು ಜೀಪು, ಟೆಂಪೊಗಳ ಹೊಟ್ಟೆ ಇವರ ಕೈಯಿಂದ ಹಗುರಾಗಿದೆಯೋ, ಲೆಕ್ಕ ಇಟ್ಟವರಿಲ್ಲ. ದಿನಕ್ಕೆ ಮೂರು ನಾಲ್ಕು ಗಾಡಿ ಬರುತ್ತವೆ. ಡೀಸೆಲ್ಲಿನಲ್ಲಿ ನೆನೆದು ನೆನೆದು ಬೆರಳ ಚರ್ಮ ಸುಲಿದಿದೆ. ಬಿಸಿ ಸಾರಿಗೆ ಕೈ ಹಾಕಿದರೆ ಉರಿಯುತ್ತದೆಂದು ಹೆಂಡತಿ ಖತೀಜಾ ಬೀ ಅನ್ನ ಕಲಸಿ ಕೊಡುತ್ತಾರೆ. ಹೆಸರೆಲ್ಲ ಓಡಿಸುವವರದು, ಮೈಲೇಜ್ ಚೆನ್ನಾಗಿ ಬಂದರೆ 'ನನ್ನ ಗಾಡಿ ಹೆಂಗೈತೆ' ಎಂದು ಮೀಸೆ ತಿರುವುತ್ತಾರೆ.

ಕೆಲಸ ಮುಗಿದ ಮೇಲೆ ಟ್ರಯಲ್ ನೋಡದೆ ಖಾಜಾ ಪೀರ್ ಗಾಡಿ ಬಿಡುವುದಿಲ್ಲ. ಟ್ಯಾಂಕಿನ ಪೈಪು ಕಳಚಿ, ಒಂದು ಲೀಟರ್ ಡೀಸೆಲ್ಲಿನ ಬಾಟಲಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಎರಡು ಸಣ್ಣ ಪೈಪನ್ನು ಕಿಟಕಿಯಿಂದ ಎಂಜಿನ್ನಿಗೆ ಎಳೆಯುತ್ತಾರೆ. ಬಾಟಲಿ ಬತ್ತುವವರೆಗೂ ಗಾಡಿ ನಿಲ್ಲುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ನಿಂತರೆ ಲೆಕ್ಕ ಕೆಟ್ಟಿತು. ಇದು ಅವರೇ ಮಾಡಿದ ಕಾನೂನು.

ಜೀಪು ಟೆಂಪೊ ಬಂದರೆ ಅವರು ಹಿಡಿಯುವುದು ಶಿಡ್ಲಘಟ್ಟದ ರಸ್ತೆ. ಆ ಊರು ಹೆಚ್ಚುಕಡಿಮೆ ಹದಿನೈದು ಕಿಲೋಮೀಟರ್. ಹಳೆಯ ಗಾಡಿಗಳ ಬಾಟಲಿ ಊರು ಕಾಣುವ ಮುಂಚೆಯೇ ಬತ್ತುತ್ತದೆ. ಖಾಜಾ ಪೀರ್ ಕೆಳಗಿಳಿದು, ಹಿಪ್ಪುನೇರಳೆ ತೋಟಗಳಾಚೆ ಸ್ವಲ್ಪ ಹೊತ್ತು ನೋಡಿ, ಟ್ಯಾಂಕಿನ ಪೈಪು ಜೋಡಿಸಿ ಹಿಂದಿರುಗುತ್ತಾರೆ. ಕಾರು ಬಂದರೆ ಮಾತ್ರ ಟ್ರಯಲ್ ಬೆಂಗಳೂರು ರಸ್ತೆಗೆ. ಕಾರು ಶಿಡ್ಲಘಟ್ಟ ಮುಟ್ಟಿಬಿಟ್ಟೀತು!

ಶಿಡ್ಲಘಟ್ಟದಲ್ಲಿ ಅವರ ಮಗಳು ನೌರೀನ್ ಇದ್ದಾಳೆ. ಅಳಿಯ ಮಜರ್ ಇದೇ ಅಂಗಡಿಯಲ್ಲಿ ಕೆಲಸ ಕಲಿತವನು. ಒಮ್ಮೆ ಮುರುಗಮಲ್ಲದ ದರ್ಗಾಕ್ಕೆ ಹೊರಟ ಜನರ ಜೀಪು ಕಾಯುತ್ತಿತ್ತೆಂದು, ಅವಸರದಲ್ಲಿ ಇಂಜೆಕ್ಟರಿನ ಸೂಜಿಗೆ ಲೋಹ ಉಜ್ಜುವ ಒರಟು ಎಮೆರಿ ಕಾಗದ ಹಚ್ಚಿ ತಿಕ್ಕಿಬಿಟ್ಟ. ಮಸಿಯ ಜೊತೆ ಲೋಹವೂ ಸವೆಯಿತು. ಜೀಪು ದಾರಿಯುದ್ದಕ್ಕೂ ಹೊಗೆ ಕಾರಿ ಡೀಸೆಲ್ ಕುಡಿಯಿತು. ವಾಪಸು ಬಂದ ಜನರೆದುರಿಗೇ ಖಾಜಾ ಪೀರ್ "ಈ ಕೈಗೆ ಸ್ಪಾನರ್ ಯಾಕೋ? ನಡಿ ಇಲ್ಲಿಂದ" ಎಂದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಜರ್ ಹೆಂಡತಿ ನೌರೀನಳನ್ನು ಕರೆದುಕೊಂಡು ಹೋಗಿ ಶಿಡ್ಲಘಟ್ಟದಲ್ಲಿ ತನ್ನದೇ ಅಂಗಡಿ ತೆರೆದ. ಖತೀಜಾ ಬೀ ಹಬ್ಬಕ್ಕೆ ಹೋಗಿ ಮಗಳನ್ನೂ ಮೊಮ್ಮಗಳನ್ನೂ ನೋಡಿ ಬರುತ್ತಾರೆ. ಖಾಜಾ ಪೀರ್ ಮೊಮ್ಮಗಳ ಮುಖವನ್ನೇ ಕಂಡಿಲ್ಲ. ಬಸ್ಸು ಗಂಟೆಗೊಂದಿದೆಯಲ್ಲ ಎಂದರೆ, "ಬಸ್ ಹತ್ತಿದ್ರೆ ಸೋತು ಹೋದಂಗೆ. ಟ್ರಯಲ್‌ಗೆ ಅಂದ್ರೆ ಕೆಲಸಕ್ಕೆ ಹೋದಂಗೆ ಅಲ್ವಾ" ಎನ್ನುತ್ತಾರೆ. ಹಂಬಲ ಬೆಟ್ಟದಷ್ಟು, ಹಟ ಅದಕ್ಕಿಂತ ಒಂದು ಮೊಳ ಎತ್ತರ.

ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಖತೀಜಾ ಬೀ ಒಂದು ಮಾತು ಹೇಳಿದ್ದಾರೆ: ಮಗು ಗೋಡೆ ಹಿಡಿದು ನಡೆಯತೊಡಗಿದೆಯಂತೆ. ಅದಕ್ಕೋ ಏನೋ, ಬಾಟಲಿ ತೊಡೆಗೇರಿಸಿಕೊಂಡು ಇಂಡಿಕಾದಲ್ಲಿ ಕೂತ ಖಾಜಾ ಪೀರ್, "ಶಿಡ್ಲಘಟ್ಟದ ಕಡೆ ತಿರುಗಿಸಿ ಕೋನಪ್ಪಣ್ಣ. ಹಳೇ ಎಂಜಿನ್ನು, ಹದಿನಾಲ್ಕು ಕೊಟ್ರೆ ಜಾಸ್ತಿ" ಎನ್ನುತ್ತಾರೆ.

ಕಾರಿನ ಹಿಂದೆ ಹೊಗೆಯಿಲ್ಲ. ಜೀಪುಗಳು ಬಾಟಲಿ ಬತ್ತಿ ನಿಲ್ಲುವ ಹುಣಸೆಮರ ಹಿಂದೆ ಸರಿಯುತ್ತದೆ. ಹಿಪ್ಪುನೇರಳೆ ತೋಟಗಳು ಮುಗಿಯುತ್ತವೆ. ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯೊಳಗೆ ಬರುತ್ತದೆ. ಊರಿನ ಮೊದಲ ಮನೆಗಳು ಕಾಣುವಾಗಲೂ ಬಾಟಲಿಯಲ್ಲಿ ಎರಡು ಬೆರಳಷ್ಟು ಡೀಸೆಲ್ ಉಳಿದಿದೆ. ತಾವೇ ಅಷ್ಟು ಚೆನ್ನಾಗಿ ತೊಳೆದಿದ್ದಾರೆ, ಯಾರನ್ನು ಬೈಯುವುದು?

"ನಿಲ್ಲಿಸಿ, ನಿಲ್ಲಿಸಿ. ಸಾಕು."

ಕೋನಪ್ಪ ಕಾರಿನ ವೇಗ ಮಾತ್ರ ತಗ್ಗಿಸುತ್ತಾರೆ. "ಬಾಟ್ಲಿ ಬತ್ತೋವರೆಗೂ ನಿಲ್ಲಿಸಂಗಿಲ್ಲ ಅಂತ ನೀವೇ ಅಲ್ವಾ ಸಾಬ್ರೇ ಹೇಳೋದು? ಇನ್ನೂ ಐತಲ್ಲ."

ಖಾಜಾ ಪೀರ್ ಬಾಟಲಿಯನ್ನು ನೋಡುತ್ತಾರೆ. ಮುಂದಿನ ರಸ್ತೆಯನ್ನು ನೋಡುತ್ತಾರೆ. ಹೆಗಲ ಮೇಲಿನ ಬಟ್ಟೆ ತೆಗೆದು ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತಾರೆ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಒರೆಸಿಕೊಳ್ಳುವ ಹಾಗೆ.

"ಹಂಗಾದ್ರೆ ನಿಧಾನಕ್ಕೆ ಹೋಗ್ರಪ್ಪ" ಎನ್ನುತ್ತಾರೆ. "ನಿಧಾನಕ್ಕೆ ಹೋದ್ರೆ ಇನ್ನೊಂದ್ ಚೂರು ಮೈಲೇಜ್ ಸಿಗ್ತದೆ. ಅವರ ಮನೆ ಮಾರ್ಕೆಟ್ ದಾಟಿದ ಮೇಲಂತೆ."