ಟೀಚರ್ ಹೇಳದ ಎಡಗಡೆ

"ನಮ್ಮ ಟೀಚರಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿರಲಿಲ್ಲ" ಎಂದು ಶೋಕಸಭೆಯಲ್ಲಿ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ವಯಸ್ಸಾಯಿತು, ಮೊಣಕಾಲು ನೋವು ಬಂತು, ತಾವಾಗಿಯೇ ಡ್ರೈವಿಂಗ್ ಬಿಟ್ಟರು, ಕಾರನ್ನು ಪ್ರೀತಿಯಿಂದ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟರು... ಎಷ್ಟು ನುಣುಪಾದ ಕಥೆ! ಕಾಲೇಜಿನಲ್ಲಿ ವರ್ಷಗಟ್ಟಲೆ ಡಿಬೇಟ್ ಮಾಡಿದವಳು ನಾನು. ಇಷ್ಟು ನುಣುಪಾದದ್ದು ಏನು ಕಿವಿಗೆ ಬಿದ್ದರೂ ಆಧಾರ ಎಲ್ಲಿ ಎಂದು ಕೇಳುವ ಚಟ. ಅಂದು ಮಾತ್ರ ಕೇಳಲಿಲ್ಲ. ಆ ಪಕ್ಕದ ಮನೆಯ ಹುಡುಗಿ ನಾನೇ, ಮತ್ತು ಮೊಣಕಾಲಿನ ಕಥೆ ಹೊರಟದ್ದು ಎಲ್ಲಿಂದ ಎಂದು ಗೊತ್ತಿದ್ದವಳೂ ನಾನೊಬ್ಬಳೇ.

ಕಳೆದ ವಾರ ಕಾರು ತೊಳೆಯುವವನು ಮುಂದಿನ ಸೀಟಿನ ಅಡಿಯಿಂದ ಏನೋ ತೆಗೆದು, "ದೀದಿ, ಯೇ ಫೇಂಕ್ ದೂಂ ಕ್ಯಾ?" ಎಂದ. ಬೆರಳುದ್ದದ ಜೇಷ್ಠಮಧು ಕಡ್ಡಿ. ಒಂದು ತುದಿ ಹಲ್ಲಿಗೆ ಸಿಕ್ಕಿ ನಾರುನಾರಾಗಿತ್ತು. ಬಿಸಾಡಬೇಡ ಎಂದು ಕಿತ್ತುಕೊಂಡು ಮೂಗಿಗೆ ಹಿಡಿದೆ. ಹಳೆಯ ಮಣ್ಣಿಗೆ ಸಕ್ಕರೆ ಬೆರೆಸಿದಂಥ ವಾಸನೆ. ಊರಿಗೆಲ್ಲ ಅದು ಕೆಮ್ಮಿನ ಮದ್ದು. ನನಗೆ ಅದು ಟೀಚರ್ ಕಾರಿನ ಎಡಗಡೆಯ ಸೀಟು.

ಕಾಂದಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಟೀಚರ್ ಮನೆಯದ್ದೂ ನಮ್ಮದೂ ಒಂದೇ ಗೋಡೆ. ಕನ್ನಡ ಶಾಲೆಯೊಂದರಲ್ಲಿ ಕಲಿಸಿ ರಿಟೈರ್ ಆದವರು, ಉಡುಪಿ ಕಡೆಯವರು. ಅವರ ಯಜಮಾನರು ಬಸ್ ಡ್ರೈವರುಗಳಿಗೆ ತರಬೇತಿ ಕೊಡುತ್ತಿದ್ದರಂತೆ. ನಾನು ಅವರನ್ನು ಫೋಟೋದಲ್ಲಷ್ಟೇ ನೋಡಿದ್ದೆ. ಮಗಳು ಆಫೀಸಿಗೆ ಹೋಗುವವರು. ಆದ್ದರಿಂದ ಮೊಮ್ಮಗಳನ್ನು ದಿನಾ ಬೆಳಿಗ್ಗೆ ಮಲಾಡಿನ ಸ್ಕೂಲಿಗೆ ಕಾರಿನಲ್ಲಿ ಬಿಟ್ಟು ಬರುವುದು ಟೀಚರ್ ಕೆಲಸ. ಭಾನುವಾರ ಬಿಲ್ಡಿಂಗ್‌ನ ಯಾರಿಗಾದರೂ ಡ್ರೈವಿಂಗ್ ಕಲಿಸುವುದು ಅವರ ಹುಚ್ಚು.

ನನ್ನ ಹತ್ತಿರ ಲೈಸೆನ್ಸ್ ಇತ್ತು, ಡ್ರೈವಿಂಗ್ ಬರುತ್ತಿರಲಿಲ್ಲ. ಮುಂಬಯಿಯಲ್ಲಿ ಇದೇನೂ ವಿಚಿತ್ರವಲ್ಲ. ಮೊದಲ ಭಾನುವಾರ ಸೀದಾ ಸ್ಟೇರಿಂಗ್ ಕಡೆ ಹೋದವಳನ್ನು ಟೀಚರ್ ತಡೆದರು. "ಆಚೆ ಕೂತ್ಕೊ. ಮೊದಲು ಬಾಯಿ, ಆಮೇಲೆ ಕೈ."

ಅವರ ಪಾಠ ಹೀಗಿತ್ತು: ಅವರು ಕಾರು ಓಡಿಸುತ್ತಾರೆ, ಎಡಗಡೆಯ ಸೀಟಿನಲ್ಲಿ ಕೂತ ನಾನು ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಹೇಳುತ್ತಿರಬೇಕು. ಬರೀ ಕಂಡದ್ದಲ್ಲ, ಅದು ಏನು ಮಾಡಬಹುದು, ಆಗ ನಾನು ಏನು ಮಾಡುತ್ತೇನೆ, ಅದೂ ಬೇಕು. ಯಜಮಾನರು ತಮ್ಮ ಡ್ರೈವರುಗಳಿಗೆ ಹೀಗೇ ಕಲಿಸುತ್ತಿದ್ದರಂತೆ, ರನ್ನಿಂಗ್ ಕಾಮೆಂಟರಿ. ಗಂಟಲು ಒಣಗದಿರಲಿ ಎಂದು ಒಂದು ಜೇಷ್ಠಮಧು ಕಡ್ಡಿ ಕೈಗಿಡುತ್ತಿದ್ದರು.

ನಾನು ಬಿಡುತ್ತೇನಾ? "ಟೀಚರ್, ಮಾತಾಡಿದರೆ ಗಮನ ತಪ್ಪುವುದಿಲ್ಲವಾ? ಡ್ರೈವರ್ ಜೊತೆ ಮಾತಾಡಬೇಡಿ ಅಂತ ಬಸ್ಸಿನಲ್ಲಿ ಬೋರ್ಡ್ ಹಾಕಿರುತ್ತಾರಲ್ಲ!"

"ಡ್ರೈವರ್ ಜೊತೆ ಅಂತ ಉಂಟು. ಡ್ರೈವರ್ ರಸ್ತೆ ಜೊತೆ ಮಾತಾಡಬಾರದು ಅಂತ ಎಲ್ಲಿ ಉಂಟು?" ಅವರು ಗೇರ್ ಬದಲಾಯಿಸಿದರು. "ನೀನು ಮಾತಾಡುವುದು ಗೆಲ್ಲಲಿಕ್ಕೆ. ಇದು ನೋಡಲಿಕ್ಕೆ. ಹೇಳು, ಎಂತ ಕಾಣ್ತದೆ?"

"ಎದುರು ಬಸ್ಸು, ಸ್ಟಾಪ್ ಇದೆ, ನಿಲ್ಲುತ್ತದೆ, ನಾನು ಹಿಂದೆ ನಿಲ್ಲುತ್ತೇನೆ. ಎಡಗಡೆ ರಿಕ್ಷಾ... ಘುಸೇಗಾ... ಜಾಗ ಬಿಡುತ್ತೇನೆ."

"ಘುಸೇಗಾ ಅಲ್ಲ, ನುಗ್ತದೆ. ಕನ್ನಡ ಟೀಚರ್ ಕಾರಲ್ಲಿ ಕನ್ನಡದಲ್ಲೇ ಹೆದರು ಮಾರಾಯ್ತಿ."

ನಗುತ್ತಿದ್ದೆ, ಆದರೆ ಹೆದರುತ್ತಲೂ ಇದ್ದೆ. ಹೀಗೆ ಬಾಯಿಬಿಟ್ಟು ಹೇಳುವವರೆಗೆ ಆ ರಸ್ತೆಯಲ್ಲಿ ಎಷ್ಟು ಕಡೆಯಿಂದ ಸಾವು ಬರಬಹುದು ಎಂದು ನನಗೆ ತಿಳಿದೇ ಇರಲಿಲ್ಲ. ನಿಂತ ಟೆಂಪೋ ಹಿಂದೆ ಯಾರಿದ್ದಾರೋ. ಆ ಬೈಕಿನವನ ಕಣ್ಣು ಮೊಬೈಲಿನಲ್ಲಿದೆ. ಆ ಮಗುವಿನ ಕೈ ತಾಯಿಯ ಕೈಯಲ್ಲಿ ಇಲ್ಲ... ಮನೆಗೆ ಬಂದ ಮೇಲೂ ತಲೆಯೊಳಗೆ ಕಾಮೆಂಟರಿ ನಿಲ್ಲುತ್ತಿರಲಿಲ್ಲ. ಟೀಚರ್ ಮಾತ್ರ ಹಾಯಾಗಿ ಓಡಿಸುತ್ತಿದ್ದರು. ನನ್ನ ಮಾತಿಗೆ ತಾಳ ಹಾಕಿದ ಹಾಗೆ ಬ್ರೇಕು, ಕ್ಲಚ್ಚು.

ಒಂದು ಭಾನುವಾರ ನನ್ನ ದನಿ ಹೋಗಿತ್ತು. ಹಿಂದಿನ ದಿನ ಇಂಟರ್‌ಕಾಲೇಜ್ ಸ್ಪರ್ಧೆಯ ಫೈನಲ್‌ನಲ್ಲಿ ಕಿರುಚಿ ಕಿರುಚಿ ಗಂಟಲು ಪೂರ್ತಿ ಕಟ್ಟಿಕೊಂಡು, ಉಸಿರಿನಷ್ಟೇ ಸದ್ದು ಉಳಿದಿತ್ತು. ಪಾಠ ತಪ್ಪಿಸುವ ಮನಸ್ಸಿಲ್ಲದೆ ಹೋಗಿ ಕೂತು ಗಂಟಲು ತೋರಿಸಿದೆ.

"ಗೆದ್ದೆಯಾ ಆದ್ರೂ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಹಾಗಾದ್ರೆ ಗಂಟಲು ದಂಡ."

ಆಮೇಲೆ ಟೀಚರ್ ಕೀಯನ್ನು ಹಿಡಿದು, ತಿರುಗಿಸದೆ, ಸ್ವಲ್ಪ ಹೊತ್ತು ಹಾಗೇ ಕೂತರು. ಪಾರ್ಕಿಂಗಿನ ಗೋಡೆ ನೋಡುತ್ತಿದ್ದರು. ನನಗೆ ಅದು ನೆನಪಿದೆ. "ಆಯ್ತು. ಇವತ್ತು ನಾನು ಹೇಳ್ತೇನೆ, ನೀನು ಕೇಳು" ಎಂದು ಹೊರಟರು.

ಎಸ್.ವಿ. ರೋಡಿನಲ್ಲಿ ಮಲಾಡ್ ಕಡೆಗೆ ಹೋಗುತ್ತಿದ್ದೆವು. ಅವರ ಕಾಮೆಂಟರಿ ಎಷ್ಟು ಚಂದ ಇತ್ತು ಅಂದರೆ ನನಗೆ ಹೊಟ್ಟೆಕಿಚ್ಚಾಯಿತು. "ಎದುರು ಡಬ್ಬಲ್ ಡೋರಿನ ಟೆಂಪೋ, ಹಿಂದಿನ ಬಾಗಿಲ ಚಿಲಕ ಸಡಿಲ, ದೂರ ಇರ್ತೇನೆ. ಬಲಗಡೆ ಡಿವೈಡರ್ ಮೇಲೆ ಇಬ್ಬರು, ಒಬ್ಬಳು ದಾಟುವ ಅಂದಾಜಿನಲ್ಲಿದ್ದಾಳೆ..." ಜಡ್ಜ್ ಥರ ಕೇಳುತ್ತಾ ಕೂತವಳಿಗೆ, ಎದುರಾಳಿ ಹೇಳದೆ ಬಿಟ್ಟದ್ದನ್ನು ಹಿಡಿಯುವ ಅಭ್ಯಾಸ ತಾನಾಗಿ ಎಚ್ಚರವಾಯಿತು. ಎಡಗಡೆ ಪಾವ್ ಹೇರಿಕೊಂಡ ಸೈಕಲ್ಲು ಹೋಯಿತು, ಟೀಚರ್ ಹೇಳಲಿಲ್ಲ. ಸಣ್ಣದು, ಬಿಟ್ಟರೇನೋ. ಎಡಗಡೆಯಿಂದ ರಿಕ್ಷಾ ಕನ್ನಡಿಗೆ ತಾಗುವ ಹಾಗೆ ನುಸುಳಿತು, ಹೇಳಲಿಲ್ಲ. ಕೈಗಾಡಿ, ಹೇಳಲಿಲ್ಲ. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಅವರ ಮುಖ ನೋಡಿದೆ. ಎಂದಿನ ಹಾಗೇ ಶಾಂತವಾಗಿತ್ತು.

ನಿಂತಿದ್ದ ಟೆಂಪೋ ಒಂದರ ಹಿಂದಿನಿಂದ, ನನ್ನ ಕಡೆಯಿಂದ, ಸೊಪ್ಪಿನ ಚೀಲ ಹಿಡಿದ ಹೆಂಗಸೊಬ್ಬಳು ರಸ್ತೆಗಿಳಿದಳು.

"ಎದುರು ಖಾಲಿ. ಎಡಗಡೆ ಖಾಲಿ" ಎಂದರು ಟೀಚರ್. ಆಕ್ಸಿಲರೇಟರ್ ಒತ್ತಿದರು.

ಕಿರುಚಿದೆ. ಗಾಳಿ ಬಂತು, ದನಿ ಬರಲಿಲ್ಲ. ಆ ಕ್ಷಣದ ಭಯವನ್ನು ನನಗೆ ಇವತ್ತಿಗೂ ಬರೆಯಲು ಬರುವುದಿಲ್ಲ... ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಅರಚಿಕೊಂಡು ಓರೆಯಾಗಿ ನಿಂತಿತು. ಹೆಂಗಸಿನ ಸೊಂಟಕ್ಕೂ ಬಾನೆಟ್ಟಿಗೂ ನಡುವೆ ಉಳಿದದ್ದು ಆ ಸೊಪ್ಪಿನ ಚೀಲ. ಅವಳು ಬಾನೆಟ್ ಮೇಲೆ ಒಂದೇಟು ಕೊಟ್ಟು, "ಆಂಧಳೀ ಆಹೇಸ್ ಕಾ?" ಎಂದು ಕೂಗಿದಳು. ಕುರುಡಿಯಾ ನೀನು? ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು.

"ಇವಳು ಎಲ್ಲಿಂದ ಬಂದಳು?" ಟೀಚರ್ ನನ್ನನ್ನೇ ಕೇಳಿದರು. ನಿಜವಾಗಿ ಕೇಳುತ್ತಿದ್ದರು.

ಕಾರನ್ನು ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ನೇರ ಮುಂದೆ ನೋಡುತ್ತಾ ಕೂತಿದ್ದರು. ನಾನು ಬಲಗೈ ಎತ್ತಿ ಅವರ ಎಡಗಿವಿಯ ಪಕ್ಕ ಹಿಡಿದು ಬೆರಳಾಡಿಸಿದೆ. ಏನೂ ಇಲ್ಲ. ನಿಧಾನವಾಗಿ ಮುಂದಕ್ಕೆ ತಂದೆ. ಕೆನ್ನೆ ದಾಟಿತು, ಕಣ್ಣಿನ ತುದಿ ದಾಟಿತು... ಕೈ ಮೂಗಿನ ಹತ್ತಿರ ಬಂದಾಗ ಟೀಚರ್ ಬೆಚ್ಚಿಬಿದ್ದರು. ನನ್ನ ಕೈ ನೋಡಿದರು, ಅದು ಬಂದ ದಾರಿ ನೋಡಿದರು. ಆಮೇಲೆ ತಿರುಗಿ ಹಿಂದಿನ ಸೀಟನ್ನು ನೋಡಿದರು. ಅಲ್ಲಿ ಮೊಮ್ಮಗಳ ನೀರಿನ ಬಾಟಲಿ ಬಿದ್ದಿತ್ತು.

ಟೀಚರ್ ಇಳಿದು, ಕಾರನ್ನು ಮುಟ್ಟಿಕೊಂಡು ಸುತ್ತಿ ಬಂದು ನನ್ನ ಬಾಗಿಲು ತೆಗೆದರು. ಸ್ಟೇರಿಂಗ್ ನನ್ನ ಕೈಗೆ ಬಂದದ್ದು ಹೀಗೆ. ಕ್ಲಚ್ ಹಿಡಿತಕ್ಕೆ ಸಿಗದೆ ಗಾಡಿ ಮತ್ತೆ ಮತ್ತೆ ಆಫ್ ಆಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಟೀಚರ್ ಮೆಲ್ಲಗೆ ಹೇಳಿದರು, "ಎಡಗಡೆ ಹೇಳು. ಎಡಗಡೆ ಎಂತ ಉಂಟು?" ದನಿಯಿಲ್ಲದ ಬಾಯಿಯಿಂದ ಪಿಸುಗುಟ್ಟುತ್ತಾ ಹೋದೆ. ಹಾಲಿನ ಅಂಗಡಿ. ನಾಯಿ. ಸ್ಕೂಟರ್, ತಿರುಗುತ್ತದೆ, ನಿಲ್ಲುತ್ತೇನೆ. ಪ್ರತಿಯೊಂದಕ್ಕೂ ಅವರು "ಹ್ಞೂಂ" ಎನ್ನುತ್ತಿದ್ದರು, ಹೊಸ ಊರಿನ ಸುದ್ದಿ ಕೇಳಿದ ಹಾಗೆ.

ಪಾರ್ಕಿಂಗಿನಲ್ಲಿ ಕೀಯನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಲು ಹೇಳಿದರು. "ಯಾರಾದ್ರೂ ಕೇಳಿದರೆ ಮೊಣಕಾಲು ಅಂತ ಹೇಳು. ಕಣ್ಣು ಅಂದರೆ ಮಗಳು ಕೇಳ್ತಾಳೆ, ಎಷ್ಟು ದಿನ ಮಗುವನ್ನು ಹೀಗೇ ಕರ್ಕೊಂಡು..." ಮರುದಿನ ಅಜ್ಜಿ ಮೊಮ್ಮಗಳು ರಿಕ್ಷಾದಲ್ಲಿ ಸ್ಕೂಲಿಗೆ ಹೋದರು.

ಕಣ್ಣಿನ ಡಾಕ್ಟರ ಹತ್ತಿರ ನಾವಿಬ್ಬರೇ ಹೋದೆವು. ಕಣ್ಣಿನೊಳಗಿನ ಒತ್ತಡದಿಂದ ನೋಟ ಅಂಚಿನಿಂದ ಸವೆದಿದೆ, ಎಡಕ್ಕೆ ಹೆಚ್ಚು, ಇದು ವರ್ಷಗಳ ಕಥೆ ಎಂದರು. ರೋಗಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಖಾಲಿ ಜಾಗದಲ್ಲಿ ರಸ್ತೆ ಇದೆ ಎಂದು ಮಿದುಳೇ ಚಿತ್ರ ಬರೆದುಕೊಳ್ಳುತ್ತದೆಯಂತೆ. ಸರಿ, ಒಪ್ಪಿದೆ. ಆದರೆ ನಮ್ಮ ಬಿಲ್ಡಿಂಗ್‌ನ ಎರಡನೇ ಮಹಡಿಯ ಅಣ್ಣ ನನಗಿಂತ ಬಹಳ ಮೊದಲು ಟೀಚರ್ ಹತ್ತಿರ ಕಲಿತವರು. ಅವರನ್ನು ಕೇಳಿದಾಗ ನಕ್ಕುಬಿಟ್ಟರು. "ಆ ಸೀಟಲ್ಲಿ ಕೂತು ಕಾಮೆಂಟರಿಯಾ? ಇಲ್ಲಪ್ಪ! ನಂಗೆ ಮೊದಲ ದಿನವೇ ಸ್ಟೇರಿಂಗ್ ಕೊಟ್ಟಿದ್ದರು." ಹಾಗಾದರೆ ಎಡಗಡೆಯ ಸೀಟಿನ ಪಾಠ ಯಾವಾಗ ಶುರುವಾಯಿತು? ಯಾಕೆ ಶುರುವಾಯಿತು? ತಮಗೆ ಎಡಗಡೆ ಕಾಣದು ಎಂದು ಗೊತ್ತಿದ್ದರೆ ಅಂದು ದನಿಯಿಲ್ಲದವಳನ್ನು ಕೂರಿಸಿಕೊಂಡು ಹೊರಡುತ್ತಿದ್ದರಾ? ಮೊಮ್ಮಗಳನ್ನು ಕರೆದೊಯ್ಯುತ್ತಿದ್ದರಾ? ಎರಡೂ ಕಡೆಯಿಂದ ವಾದಿಸಬಲ್ಲೆ, ಎರಡೂ ಕಡೆ ಸೋಲುತ್ತೇನೆ.

ಶೋಕಸಭೆಯ ಮರುದಿನ ಟೀಚರ್ ಮಗಳಿಗೆ ಎಲ್ಲ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಮಲಗಿದ್ದ ಹುಡುಗಿಯ ಪಕ್ಕ ಕೂತರು.

ಈಗ ಕಾರು ನಾನೇ ಓಡಿಸುತ್ತೇನೆ, ಒಬ್ಬಳೇ ಇದ್ದಾಗಲೂ ಬಾಯಿಬಿಟ್ಟು ಹೇಳುತ್ತಾ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಹುಚ್ಚಿ ಅಂದುಕೊಳ್ಳುತ್ತಾರೆ. ಎಡಗಡೆ ಎಂದಾಗಲೆಲ್ಲ ಎರಡು ಸಲ ನೋಡುತ್ತೇನೆ. "ಹ್ಞೂಂ" ಎನ್ನಲು ಯಾರೂ ಇಲ್ಲ. ಜೇಷ್ಠಮಧು ಕಡ್ಡಿಯನ್ನು ಗೇರಿನ ಹಿಂದಿನ ಗುಳಿಯಲ್ಲಿ ಇಟ್ಟಿದ್ದೇನೆ. ಬಿಸಿಲಿಗೆ ಕಾರಿನ ತುಂಬ ವಾಸನೆ ಏಳುತ್ತದೆ.

ಟೀಚರ್, ಆ ಭಾನುವಾರ ನನ್ನ ಗಂಟಲು ಕಟ್ಟಿದೆ ಎಂದು ಗೊತ್ತಾದ ಮೇಲೆ, ಕೀ ಹಿಡಿದು, ಗೋಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದಿರಲ್ಲ... ಆಗ ನಿಮಗೆ ಹೆದರಿಕೆಯಾಗಿತ್ತಾ?