ಮೂಲೆ ಟೇಬಲ್ಲಿನ ಗಿರಾಕಿ

ಕೋವಿಡ್ ಕಳೆದು ಹೋಟೆಲುಗಳು ಮತ್ತೆ ಬಾಗಿಲು ತೆರೆಯುತ್ತಿದ್ದ ವರ್ಷ. ತುಮಕೂರಿನ ಪತ್ರಿಕೆಯೊಂದರ ಜಾಹೀರಾತು ವಿಭಾಗ ಬಿಟ್ಟು, ಹೋಟೆಲುಗಳ ಸೋಷಿಯಲ್ ಮೀಡಿಯಾ ಪೇಜ್ ನೋಡಿಕೊಳ್ಳುವ ಕೆಲಸಕ್ಕೆ ಇಳಿದಿದ್ದೆ. ಫೋಟೊ, ವಿಡಿಯೊ ತೆಗೆದು ಹಾಕುವುದು, ಬಂದ ಮೆಸೇಜುಗಳಿಗೆ ಹೋಟೆಲಿನ ಪರವಾಗಿ ಉತ್ತರ ಬರೆಯುವುದು, ಇಷ್ಟೇ ಕೆಲಸ. ಕುಣಿಗಲ್ ದಾಟಿ ಯಡಿಯೂರು ಕಡೆ ಹೋಗುವ ದಾರಿಯಲ್ಲಿದ್ದ ಪುಟ್ಟಸ್ವಾಮಿಯವರ ಊಟದ ಹೋಟೆಲು ನನ್ನ ಮೊದಲ ಗಿರಾಕಿಗಳಲ್ಲಿ ಒಂದು.

ಅವರ ಬಸ್ಸಾರು ಮುದ್ದೆ ಚೆನ್ನಾಗಿತ್ತು. ಆದರೆ ಹೆದ್ದಾರಿಯ ಕಾರುಗಳು ನಿಲ್ಲದೆ ಹೋಗುತ್ತಿದ್ದವು. ಒಂದು ಮಧ್ಯಾಹ್ನ ರೀಲ್ ಮಾಡಿದೆ. ರೀಲ್ ಎಂದರೆ ಅರೆ ನಿಮಿಷದ ವಿಡಿಯೊ. ಮೊದಲ ಎರಡು ಮೂರು ಸೆಕೆಂಡಿನಲ್ಲೇ ನೋಡುವವರನ್ನು ಹಿಡಿಯಬೇಕು. ಹಾಗಾಗಿ ಹಬೆಯಾಡುವ ಮುದ್ದೆಯಿಂದ ಶುರುಮಾಡಿ, ಆಮೇಲೆ ಲಾರಿಯವರೂ ಅಕ್ಕಪಕ್ಕದ ಊರವರೂ ತುಂಬಿದ್ದ ಟೇಬಲ್ಲುಗಳ ಕಡೆ ಕ್ಯಾಮೆರಾ ತಿರುಗಿಸಿದೆ. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ, ಜನ ಇದ್ದಲ್ಲಿಗೇ ಜನ ಬರುವುದು. ವಿಡಿಯೊ ತೆಗೆಯುತ್ತೇವೆಂದು ಪುಟ್ಟಸ್ವಾಮಿ ಎಲ್ಲರಿಗೂ ಕೂಗಿ ಹೇಳಿದ್ದರು, ಯಾರೂ ಬೇಡವೆನ್ನಲಿಲ್ಲ. ರೀಲ್ ಓಡಿತು. ಮುಂದಿನ ಭಾನುವಾರ ಕಾರು ನಿಲ್ಲಿಸಲು ಜಾಗವಿರಲಿಲ್ಲ.

ಆ ವಾರವೇ ಪೇಜಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಹೆಂಗಸಿನ ದನಿ.

“ಮೂಲೆ ಟೇಬಲ್ಲಾಗೆ ಬೂದಿ ಬಣ್ಣದ ಶರ್ಟ್ ಹಾಕ್ಕೊಂಡು ಉಣ್ತಾವ್ನಲ್ಲ, ಅವ್ನು ನನ್ ತಮ್ಮ ಕಣ್ರೀ. ಬದ್ಕವ್ನೋ ಸತ್ನೋ ಅಂತ ಗೊತ್ತಿರ್ಲಿಲ್ಲ.”

ಗುಬ್ಬಿಯಲ್ಲಿ ಅವರನ್ನು ಕಂಡೆ. ಹೆಸರು ಭಾಗ್ಯಮ್ಮ, ಹಾಗಲವಾಡಿ ಕಡೆಯವರು. ಗುಬ್ಬಿಯಲ್ಲಿ ಬ್ಲೌಸ್ ಹೊಲಿದು ಬದುಕುತ್ತಿದ್ದರು. ಮಷಿನ್ ಮೇಲೆ ಕೈ ಇಟ್ಟುಕೊಂಡೇ ಎಲ್ಲ ಹೇಳಿದರು. ತಮ್ಮ ನಾಗರಾಜ ಓಡಿಸುತ್ತಿದ್ದ ಟ್ರ್ಯಾಕ್ಟರ್ ಕೆರೆ ಏರಿಯಿಂದ ಉರುಳಿತ್ತು. ಪಕ್ಕದಲ್ಲಿ ಕೂತಿದ್ದ ಭಾಗ್ಯಮ್ಮನ ಗಂಡ ಅಲ್ಲೇ ಹೋಗಿಬಿಟ್ಟರು. ನಾಗರಾಜನಿಗೆ ತರಚಿದ ಗಾಯ ಮಾತ್ರ.

“ಹೆಣದ ಮುಂದೆ ಕೂತಿದ್ದೆ. ಅವ್ನು ಬಂದು ಕಾಲು ಹಿಡ್ಕೊಂಡ. ‘ನೀನ್ಯಾಕ್ಲಾ ಉಳ್ಕೊಂಡೆ?’ ಅಂದ್ಬುಟ್ಟೆ. ತಿಥಿ ಕಳ್ದ ಬೆಳಿಗ್ಗೆ ನೋಡಿದ್ರೆ ಅವ್ನಿಲ್ಲ. ಆಗಿಂದ ಇಲ್ಲ.”

ಮಾರನೆಯ ದಿನದಿಂದ ಅವರು ಬಸ್ಸು ಹತ್ತಿ ಬಂದು ಹೋಟೆಲಿನಲ್ಲಿ ಕೂರತೊಡಗಿದರು. ಬಾಗಿಲಲ್ಲಿ ನೆರಳು ಸುಳಿದರೂ ಎದ್ದು ನಿಲ್ಲುತ್ತಿದ್ದರು. ನಾಗರಾಜ ಬರಲಿಲ್ಲ. ಅವನ ಫೋನ್ ಬಂತು, ಪೇಜಿನಲ್ಲಿದ್ದ ನನ್ನ ನಂಬರಿಗೆ.

“ಆ ವಿಡಿಯೊದಲ್ಲಿ ಕೂತಿರೋನು ನಾನು. ತೆಗೀರಿ ಅದನ್ನ.”

“ನಿಮ್ಮಕ್ಕ ಹುಡುಕ್ತಾ ಇದಾರೆ,” ಎಂದೆ.

ಫೋನಿನಲ್ಲಿ ಲಾರಿಗಳ ಸದ್ದು ಕೇಳಿಸಿತು.

“ಗೊತ್ತು. ಹೊರಗಿಂದ ನೋಡ್ದೆ. ಅದಕ್ಕೇ ತೆಗೀರಿ.”

ರೀಲನ್ನು ಪೇಜಿನಿಂದ ಅಳಿಸಿದೆ. ಪುಟ್ಟಸ್ವಾಮಿ ಸಿಟ್ಟಾದರು: “ಏನ್ ಮೇಡಂ, ಓಡ್ತಿರೋ ಗಾಡಿ ಚಕ್ರ ಬಿಚ್ತೀರಲ್ಲ!” ಅದಕ್ಕಿಂತ ಕಷ್ಟವಾದದ್ದು ಭಾಗ್ಯಮ್ಮನಿಗೆ ಹೇಳುವುದು. ನಂಬರ್ ಕೊಡಿ ಎಂದು ಕೈಮುಗಿದರು. ನಾಗರಾಜನ ಒಪ್ಪಿಗೆಯಿಲ್ಲದೆ ಕೊಡಲಾರೆ ಎಂದೆ. ನಾನೇ ಮತ್ತೆ ಕರೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು. ಅವನು ಹೊರಗೆ ನಿಂತು ನೋಡಿಹೋದ ಮಾತು ಕೇಳಿದ ಭಾಗ್ಯಮ್ಮ ಅಳಲಿಲ್ಲ. ರಸ್ತೆಯ ಆಚೆ ಬದಿಯನ್ನೇ ನೋಡುತ್ತಾ ಕೂತರು. ಆಮೇಲೆ, “ಬೈಯ್ಯೋಕೆ ಬಂದವ್ಳೆ ಅನ್ಕೊಂಡವ್ನೆ. ನಂದೊಂದು ವಿಡಿಯೊ ತೆಗೀರಿ” ಎಂದರು.

ಅದೇ ಮೂಲೆ ಟೇಬಲ್ಲಿನಲ್ಲಿ ಕೂರಿಸಿದೆ. ಏನು ಹೇಳಬೇಕೆಂದು ನಾನು ಹೇಳಿಕೊಡಲಿಲ್ಲ. ಅವರು ಎರಡು ಎಲೆ ಹಾಕಿಸಿದರು. ಎದುರಿನ ಎಲೆಗೂ ಮುದ್ದೆ ಬಡಿಸಿದ ಮೇಲೆ ಕ್ಯಾಮೆರಾ ನೋಡಿ ಅಂದರು:

“ನಾಗ, ನೀನು ಉಳ್ಕೊಂಡಿದ್ದೇ ಒಳ್ಳೇದಾಯ್ತು ಕಣೋ. ಉಂಡ್ಕೊಂಡು ಹೋಗು ಬಾ.”

ಎದುರಿನ ಎಲೆಯ ಮುದ್ದೆ ಆರುತ್ತಾ ಇತ್ತು. ಸಪ್ಲೈಯರ್ ಎಲೆಯೆತ್ತಲು ಬಂದವನು ಹಾಗೇ ಹಿಂದೆ ಸರಿದ.

ಹೋಟೆಲಿನ ಹೆಸರೂ ದಾರಿಯೂ ಇದ್ದ ಆ ವಿಡಿಯೊ ಮೊದಲಿನದಕ್ಕಿಂತ ಜೋರಾಗಿ ಹಬ್ಬಿತು. ಅನೇಕರು ಜಾಹೀರಾತೆಂದೇ ತಿಳಿದು, ನಟನೆ ಚೆನ್ನಾಗಿದೆ ಎಂದು ಹೊಗಳಿದರು. ಜನ ಹುಡುಕಿಕೊಂಡು ಬಂದು ಆ ಟೇಬಲ್ಲಿನ ಮುಂದೆ ಸೆಲ್ಫಿ ತೆಗೆದುಕೊಂಡರು. “ಹಬ್ಲಿ ಬುಡಿ, ಅವ್ನ ಕಣ್ಣಿಗೂ ಬಿದ್ದಾತು” ಎಂದರು ಭಾಗ್ಯಮ್ಮ.

ನನ್ನ ನಿದ್ದೆ ಕೆಡಿಸಿದ್ದು ಕಾಮೆಂಟುಗಳು. ಒಂದು ಬೆಳಿಗ್ಗೆ ಯಾರೋ “ಮಂಜ, ನೀನೂ ಬಾ” ಎಂದು ಬರೆದಿದ್ದರು. ಅದರ ಕೆಳಗೆ “ಸುಮಾ, ಅಮ್ಮ ಬಯ್ಯಲ್ಲ, ಬಾ.” ಆಮೇಲೆ ಬರೀ ಹೆಸರುಗಳು, ಒಂದರ ಕೆಳಗೊಂದು. ಮನೆ ಬಿಟ್ಟವರು, ಮುನಿಸಿಕೊಂಡವರು. ಕೆಲವು ಸತ್ತವರ ಹೆಸರುಗಳೆಂದು ಬರೆದ ರೀತಿಯಲ್ಲೇ ತಿಳಿಯುತ್ತಿತ್ತು. ಪ್ರತಿ ಕಾಮೆಂಟಿಗೂ ಉತ್ತರಿಸಬೇಕು, ಆಗಲೇ ಪೇಜ್ ಇನ್ನಷ್ಟು ಜನಕ್ಕೆ ಮುಟ್ಟುತ್ತದೆ ಎನ್ನುವುದು ನಮ್ಮ ಕಸುಬಿನ ಪಾಠ. ಹೋಟೆಲಿನ ಹೆಸರಿನಲ್ಲಿ ಕೂತ ನಾನು ಏನು ಬರೆಯಲಿ? ‘ಸ್ವಾಗತ’ ಎಂದೇ? ಟೈಪ್ ಮಾಡಿ ಅಳಿಸಿದೆ. ಆ ಹೆಸರುಗಳು ಅಡುಗೆ ಮಾಡುವಾಗಲೂ ತಲೆಯಲ್ಲಿ ಸುತ್ತುತ್ತಿದ್ದವು.

ಅವರೆಕಾಯಿ ಕಾಲ ಬಂದಾಗ ಪುಟ್ಟಸ್ವಾಮಿ ಫೋನ್ ಮಾಡಿದರು. ಬೆಳಿಗ್ಗೆ, ಬಾಗಿಲು ತೆಗೆದ ಹೊತ್ತಿಗೆ ನಾಗರಾಜ ಬಂದಿದ್ದನಂತೆ. ಅಕ್ಕನಿಗೆ ಹೇಳಿಕಳಿಸಲೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿದನಂತೆ. ಹೋಗುವಾಗ, “ಅಕ್ಕನ ಮಾತು ಕೇಳಿಸ್ಕೊಂಡೆ ಅಂತ ಹೇಳಿ” ಎಂದನಂತೆ. ಮತ್ತೆ ಆ ಕಡೆ ಸುಳಿಯಲಿಲ್ಲ.

ಸುದ್ದಿಯನ್ನು ನಾನೇ ಗುಬ್ಬಿಗೆ ಒಯ್ದೆ. ಭಾಗ್ಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಉಂಡ್ನಾ?”

“ಉಂಡ್ರಂತೆ. ಸಾರು ಎರಡನೇ ಸಲ ಹಾಕಿಸ್ಕೊಂಡ್ರಂತೆ.”

“ಸಾಕು ಬುಡಿ,” ಎಂದು ಮಷಿನ್ ತುಳಿಯತೊಡಗಿದರು. ದಾರ ತುಂಡಾಗಿದ್ದು ಅವರಿಗೆ ಗೊತ್ತಾಗಲಿಲ್ಲ. ಬಟ್ಟೆಯ ಮೇಲೆ ಸೂಜಿ ಸುಮ್ಮನೆ ಚುಚ್ಚುತ್ತಾ ಹೋಯಿತು.

ಹೋಟೆಲಿಗೆ ಗಿರಾಕಿ ತರುವುದು ಹೇಗೆಂದು ಈಗ ಹೊಸಬರು ನನ್ನನ್ನು ಕೇಳುತ್ತಾರೆ. ಬೆಳಕು, ಹಬೆ, ಲೊಕೇಶನ್ ಎಲ್ಲ ಹೇಳಿಕೊಡುತ್ತೇನೆ. ಜೊತೆಗೆ ಇದನ್ನೂ ಹೇಳುತ್ತೇನೆ: ಹಿಂದೆ ಕೂತು ಉಣ್ಣುತ್ತಿರುವ ಒಬ್ಬೊಬ್ಬರ ಹತ್ತಿರವೂ ಹೋಗಿ, ಮುಖ ನೋಡಿ, ವಿಡಿಯೊ ತೆಗೆಯಲೇ ಎಂದು ಕೇಳಿ. ನಾವು ಬನ್ನಿ ಎಂದು ಊರಿಗೆಲ್ಲ ಕೂಗುತ್ತೇವೆ. ಅದು ಯಾರ ಎದೆಯ ಬಾಗಿಲು ತಟ್ಟುತ್ತದೋ ನಮಗೆ ತಿಳಿಯದು. ಭಾಗ್ಯಮ್ಮನ ವಿಡಿಯೊದ ಕೆಳಗೆ ಇವತ್ತಿಗೂ ಹೊಸ ಹೆಸರುಗಳು ಬೀಳುತ್ತವೆ. ಉತ್ತರ ಬರೆಯಲು ನನಗೆ ಇನ್ನೂ ಬಂದಿಲ್ಲ. ಒಂದೊಂದನ್ನೂ ಓದುತ್ತೇನೆ, ಅಷ್ಟೇ.